ಕೋಟೆ ಗೋಡೆಯ ಗಾಜು

ಗೋಡೆಗೆ ಗಾಜು ಅಂಟಿಸುವುದೂ ನನ್ನ ಕಸುಬಿನ ಒಂದು ಭಾಗ ಎಂದರೆ ಸಾಲಿಗ್ರಾಮದಲ್ಲಿರುವ ನಮ್ಮ ಮನೆಯವರೇ ನಗುತ್ತಾರೆ. ಹಳೆಯ ಕಟ್ಟಡ ನಿಲ್ಲುತ್ತದೋ ಬೀಳುತ್ತದೋ ಎಂದು ನೋಡಿ ಹೇಳುವ ಇಂಜಿನಿಯರ್ ನಾನು. ಬಿರುಕು ಬಿಟ್ಟ ಗೋಡೆ ಕಂಡರೆ ಮೊದಲು ತಿಳಿಯಬೇಕಾದ್ದು ಒಂದೇ. ಆ ಬಿರುಕು ಹಳೆಯದಾಗಿ ಸುಮ್ಮನಿದೆಯೋ, ಇನ್ನೂ ಬೆಳೆಯುತ್ತಿದೆಯೋ? ಅದಕ್ಕೆ ದೊಡ್ಡ ಯಂತ್ರವೇನೂ ಬೇಡ. ಬೆರಳಗಲದ ತೆಳು ಗಾಜಿನ ಪಟ್ಟಿಯನ್ನು ಬಿರುಕಿಗೆ ಅಡ್ಡ ಇಟ್ಟು, ಎರಡು ತುದಿಗೂ ಪ್ಲಾಸ್ಟರ್ ಮುದ್ದೆ ಒತ್ತಿ ಬಿಟ್ಟರಾಯಿತು. ಗಾಜಿಗೆ ಬಗ್ಗಿ ಗೊತ್ತಿಲ್ಲ. ಗೋಡೆ ಕೂದಲೆಳೆಯಷ್ಟು ಸರಿದರೂ ಅದು ಒಡೆಯುತ್ತದೆ. ಒಡೆಯದಿದ್ದರೆ ಗೋಡೆ ನಿಂತಲ್ಲೇ ನಿಂತಿದೆ ಎಂದು ಲೆಕ್ಕ.

ಬ್ರಹ್ಮಾವರದಿಂದ ಒಳಗೆ, ಹೊಳೆಬದಿಯ ಒಂದು ಊರಿನಲ್ಲಿ ಹಾಳುಬಿದ್ದ ಕೋಟೆಯಿದೆ. ಯಾವ ಅರಸರ ಕಾಲದ್ದು ಎಂದು ಕೇಳಿದರೆ ಊರಿನಲ್ಲಿ ಒಬ್ಬೊಬ್ಬರು ಒಂದೊಂದು ಹೆಸರು ಹೇಳುತ್ತಾರೆ, ಎಲ್ಲರೂ ಕಣ್ಣಾರೆ ಕಂಡವರ ಹಾಗೆ. ಈಗ ಉಳಿದಿರುವುದು ಎರಡು ಗೋಡೆ, ನಡುವೆ ಅಂಗಳ, ಮಣ್ಣು ಮುಚ್ಚಿದ ಒಂದು ಬಾವಿ. ಬಡಗು ಗೋಡೆ ಕುಳ್ಳು. ಅದಕ್ಕೆ ಒರಗಿಸಿ ಒಂದು ಸಣ್ಣ ಮನೆ ಕಟ್ಟಿಕೊಂಡಿದ್ದಾರೆ. ಕೋಟೆಯ ಗೋಡೆಯೇ ಆ ಮನೆಯ ಅಡುಗೆಕೋಣೆಯ ಹಿಂಗೋಡೆ. ಮನೆಯ ಎದುರಿಗೆ ಹಾಯ್ಗುಳಿ ದೈವದ ಕಲ್ಲು. ತೆಂಕು ಗೋಡೆ ಮಾತ್ರ ನಾಲ್ಕಾಳು ಎತ್ತರ, ಕೆಂಪು ಮುರಕಲ್ಲಿನದು. ವರ್ಷಕ್ಕೊಮ್ಮೆ ದೈವದ ಸೇವೆಯ ದಿನ ಮಧ್ಯಾಹ್ನದ ಊಟಕ್ಕೆ ಊರವರೆಲ್ಲ ಆ ಗೋಡೆಯ ನೆರಳಿನಲ್ಲೇ ಸಾಲಾಗಿ ಕೂರುವುದು, ಗೋಡೆಗೆ ಬೆನ್ನು ಕೊಟ್ಟು, ದೈವದ ಕಲ್ಲು ಕಣ್ಣಿಗೆ ಕಾಣುವ ಹಾಗೆ.

ಒಂದು ಮಳೆಗಾಲದಲ್ಲಿ ಆ ತೆಂಕು ಗೋಡೆಯಿಂದ ಒಂದು ಕಲ್ಲು ಉದುರಿತು. ಸೇವಾ ಸಮಿತಿಯ ಅಧ್ಯಕ್ಷರು ನನಗೆ ಫೋನು ಮಾಡಿದರು. ಮುಂಬೈಯಲ್ಲಿ ಹೋಟೆಲು ನಡೆಸಿ ಊರಿಗೆ ಮರಳಿದವರು. ಯಾವುದಕ್ಕೂ ತಲೆ ಕೆಡಿಸಿಕೊಳ್ಳುವ ಜಾತಿಯಲ್ಲ.

"ಮೇಡಂ, ದೊಡ್ಡ್ ಟೆನ್ಶನ್ ಎಂತ ಇಲ್ಲೆ. ಒಂದ್ ಕಲ್ಲ್ ಬಿದ್ದಿತ್, ಜನ ಸುಮ್ನೆ ಹೆದ್ರ್ತ್ರ್. ನೀವ್ ಒಂದ್ಸಲ ಬಂದ್ ಕಂಡ್, ಊಟಕ್ ಕೂಕಂಬ್ಲಕ್ಕ್ ಅಂದೇಳಿ ಹೇಳಿ, ಸಾಕ್."

"ಕಾಣದೆ ಹ್ಯಾಂಗ್ ಹೇಳುದ್? ಬತ್ತೆ, ಕಾಂಬ" ಎಂದೆ.

ಮಳೆ ಬಿಟ್ಟ ಮೇಲೆ ಹೋದೆ. ಕೋಟೆ ನೋಡಲು ಬಂದವರು ಗೋಡೆಯ ಎದುರು ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ನಾನು ಅದರ ಹಿಂದಕ್ಕೆ ಹೋಗುತ್ತೇನೆ. ಹಿಂದೆ ಮೊದಲು ಕಂದಕವಿತ್ತು. ಹಿಂದಿನ ಬೇಸಿಗೆಯಲ್ಲಿ ಜೆಸಿಬಿ ತಂದು ಅದಕ್ಕೆ ಮಣ್ಣು ತುಂಬಿಸಿ, ಸೇವೆಗೆ ಬರುವವರ ಕಾರು ನಿಲ್ಲಿಸಲು ಸಮತಟ್ಟು ಮಾಡಿದ್ದರು. ಅಲ್ಲಿ ನಿಂತಾಗಲೇ ಏನೋ ಸರಿಯಿಲ್ಲ ಅನಿಸಿತು. ಆ ಗೋಡೆ ಒಂದೇ ಗೋಡೆಯಲ್ಲ. ಈಚೆಗೊಂದು ಕಲ್ಲಿನ ಪದರ, ಆಚೆಗೊಂದು, ನಡುವೆ ಮಣ್ಣು ಮತ್ತು ಜಲ್ಲಿ. ಹಿಂದೆ ಮಳೆನೀರು ಕಂದಕಕ್ಕೆ ಇಳಿದು ಹೋಗುತ್ತಿತ್ತು. ಈಗ ಅದು ಹೋಗುವುದೆಲ್ಲಿಗೆ? ಗೋಡೆಯ ಹೊಟ್ಟೆಗೇ. ಸಾಲದ್ದಕ್ಕೆ ತುಂಬಿದ ಮಣ್ಣು ಹಿಂದಿನಿಂದ ತಳ್ಳುತ್ತಿತ್ತು. ತಳ್ಳಿದರೆ ಗೋಡೆ ವಾಲುವುದು ಅಂಗಳದ ಕಡೆಗೆ, ಉಣ್ಣುವವರ ಬೆನ್ನ ಮೇಲೆ.

"ಈ ಮಣ್ಣಿನ್ ಮೇಲ್ ಗಾಡಿ ನಿಲ್ಸುಕಾಗ" ಎಂದೆ.

"ಮತ್ತೆ ಆಕಾಶದಗೆ ನಿಲ್ಸುದಾ ಮೇಡಂ?" ಎಂದು ಅಧ್ಯಕ್ಷರು ನಕ್ಕರು.

ಅಂಗಳದ ಕಡೆ ಗೋಡೆಯಲ್ಲಿ ಮೇಲಿಂದ ಕೆಳಗೆ ಇಳಿದ ಬಿರುಕುಗಳಿದ್ದವು. ಹುಲ್ಲು ಬೆಳೆದದ್ದು ಕೆಲವು, ಒಳಗೆ ಕೆಂಪು ತಾಜಾ ಕಾಣುವುದು ಕೆಲವು. ಕೈಗೆ ಎಟಕುವಲ್ಲಿ ನೆಲದಲ್ಲೇ ನಿಂತು, ಎಟಕದ ಕಡೆ ಏಣಿ ಇಟ್ಟು, ಗಾಜಿನ ಪಟ್ಟಿಗಳನ್ನು ಹಚ್ಚಿದೆ. ನೆತ್ತಿಯಲ್ಲೊಂದು ಮೊಳೆ ಹೊಡೆದು ತೂಗುಗುಂಡು ಇಳಿಬಿಟ್ಟು, ಗೋಡೆ ಎಷ್ಟು ವಾಲಿದೆ ಎಂದು ಅಳೆದಿಟ್ಟುಕೊಂಡೆ.

ನಾನು ಕೆಲಸ ಮಾಡುವಷ್ಟು ಹೊತ್ತೂ ಬಡಗು ಬದಿಯ ಮನೆಯ ಹೆಂಗಸು ಸೆರಗು ಸೊಂಟಕ್ಕೆ ಸಿಕ್ಕಿಸಿ ನೋಡುತ್ತಿದ್ದರು. ಅರವತ್ತು ದಾಟಿದವರು, ಒಬ್ಬರೇ ಇರುವವರು. ದೈವದ ಕಲ್ಲಿಗೆ ಸಂಜೆಯ ದೀಪ ಇಡುವ ಕೆಲಸ ಅವರ ಮನೆಯದು. ಅವರನ್ನು ದೀಪದಕ್ಕ ಎಂದೇ ಕರೆಯುತ್ತೇನೆ. ಹೊರಡುವಾಗ ನಾನು ಅವರಿಗೆ ಒಂದು ಮಾತು ಹೇಳಿದೆ, ಬೇರೆ ಕಡೆ ಎಲ್ಲರಿಗೂ ಹೇಳುವ ಹಾಗೆಯೇ.

"ಅಕ್ಕ, ಈ ಗಾಜ್ ಯಾರೂ ಒಡೀದ್ ಹಾಂಗೆ ಒಂದ್ ಕಣ್ಣ್ ಇಡಿ, ಅಕಾ?"

"ಹಾಯ್ಗುಳಿ ಜಾಗದಗೆ ಇಟ್ಟದ್ ಎಲ್ಲಿಗ್ ಹೋತ್ತ್? ನೀವ್ ಧೈರ್ಯದಗೆ ಹೋಯ್ನಿ" ಎಂದರು.

ಅದು ನಿಜವೇ. ಆ ಅಂಗಳದಲ್ಲಿ ಯಾರ ಸೊತ್ತು ಇಟ್ಟುಹೋದರೂ ಅದು ದೈವದ ವಶ. ಗದ್ದೆ ಕೆಲಸದವರು ಹಾರೆ, ಪಿಕ್ಕಾಸು ಇಟ್ಟು ಹೋಗುತ್ತಾರೆ. ತೆಂಗಿನಕಾಯಿ ರಾಶಿ ಹಾಕಿ ವಾರಗಟ್ಟಲೆ ಬಿಟ್ಟವರೂ ಇದ್ದಾರೆ. ಒಂದು ಕಾಯಿ ಅಲುಗುವುದಿಲ್ಲ. ನನ್ನ ಗಾಜಿಗೆ ಇದಕ್ಕಿಂತ ದೊಡ್ಡ ಕಾವಲು ಎಲ್ಲಿ ಸಿಗಬೇಕು ಎಂದುಕೊಂಡು ಸ್ಕೂಟರು ಹತ್ತಿದೆ.

ದೀಪಾವಳಿ ಕಳೆದು ಮತ್ತೆ ಹೋದೆ. ಅಂಗಳ ಗುಡಿಸಿ ಕನ್ನಡಿಯ ಹಾಗಿತ್ತು. ಟಾರ್ಚು ಹಿಡಿದು ಒಂದೊಂದೇ ಗಾಜು ನೋಡಿದೆ. ಒಂದೂ ಒಡೆದಿರಲಿಲ್ಲ. ತೂಗುಗುಂಡು ಇಳಿಸಿದರೆ ಅದು ಬೇರೆಯೇ ಕತೆ ಹೇಳಿತು. ಗೋಡೆ ಮೊದಲಿಗಿಂತ ಮುಂದಕ್ಕೆ ಬಂದಿದೆ ಎಂದಿತು ಗುಂಡು. ಬಂದಿಲ್ಲ ಎಂದಿತು ಗಾಜು. ಇನ್ನೊಮ್ಮೆ ಅಳೆದೆ. ಗಾಳಿ ನಿಲ್ಲಲಿ ಎಂದು ಕಾದು ಮತ್ತೊಮ್ಮೆ ಅಳೆದೆ. ಗುಂಡು ತನ್ನ ಮಾತು ಬಿಡಲಿಲ್ಲ.

ಇಬ್ಬರು ಸಾಕ್ಷಿಗಳು ಎದುರುಬದುರು ಹೇಳಿದರೆ ಒಬ್ಬರನ್ನು ಬಿಡಬೇಕಾಗುತ್ತದೆ. ಮುರಕಲ್ಲು ಮಳೆಗಾಲ ಕಳೆದು ಒಣಗುವಾಗ ಮೊಳೆ ಸಡಿಲವಾಗುವುದುಂಟು. ಮೊಳೆ ಜಗ್ಗಿದರೆ ಗುಂಡು ಸುಳ್ಳು ಹೇಳುತ್ತದೆ. ಗಾಜಿಗೆ ಸುಳ್ಳು ಹೇಳಲು ದಾರಿಯೇ ಇಲ್ಲ. ಹಾಗೆಂದು ನಾನು ಗಾಜನ್ನು ನಂಬಿದೆ. ನಂಬಿದರೂ ಮನಸ್ಸು ಹಗುರಾಗಲಿಲ್ಲ.

"ಗಾಜ್ ಒಡೀಲಿಲ್ಲ ಅಲ್ದಾ? ಮತ್ತೆಂತಕ್ ಮುಖ ಹಿಂಗೆ ಮಾಡ್ಕಂಡಿದ್ರಿ?" ಎಂದರು ಅಧ್ಯಕ್ಷರು.

"ಸೇವೆಯ ಮುಂಚಿನ ದಿನ ಇನ್ನೊಂದ್ಸಲ ಕಾಂತೆ. ಅಲ್ಲಿವರಿಗೆ ಹೌದೂ ಇಲ್ಲೆ, ಅಲ್ಲವೂ ಇಲ್ಲೆ" ಎಂದೆ.

ಮನೆಗೆ ಬಂದು ಊಟಕ್ಕೆ ಕೂತರೂ ಆ ಗೋಡೆ ನನ್ನ ಬೆನ್ನ ಹಿಂದೆಯೇ ಇತ್ತು. ಸುಮ್ಮನೆ ಕುರ್ಚಿ ತಿರುಗಿಸಿಕೊಂಡು ಕೂತೆ. ಮನೆಯವರು ಕೇಳಿದ್ದಕ್ಕೆ ಸೆಖೆ ಎಂದೆ.

ಸೇವೆಯ ಮುಂಚಿನ ದಿನ ಬೆಳಿಗ್ಗೆ ಹೋದಾಗ ಅಂಗಳದ ತುಂಬ ಚಪ್ಪರ. ತೆಂಕು ಗೋಡೆಯ ಬುಡದಲ್ಲಿ ಊಟದ ಸಾಲಿಗೆ ಉದ್ದುದ್ದ ಚಾಪೆ ಸುರುಳಿಗಳನ್ನು ತಂದಿಟ್ಟಿದ್ದರು. ಗಾಜುಗಳೆಲ್ಲ ಇದ್ದ ಹಾಗೇ ಇದ್ದವು. ಅಧ್ಯಕ್ಷರು ನನ್ನ ಬಾಯಿಂದ ಹೌದು ಎಂಬ ಒಂದು ಶಬ್ದ ಕೇಳಲು ಪಕ್ಕದಲ್ಲೇ ನಿಂತಿದ್ದರು. ನನ್ನ ನಾಲಗೆಯ ತುದಿಗೆ ಅದು ಬಂದಿತ್ತು ಕೂಡ. ಹೇಳುವ ಮೊದಲು, ಬಿರುಕು ಅತಿ ಅಗಲವಿದ್ದ ಜಾಗದ ಗಾಜಿನ ಅಂಚಿನ ಮೇಲೆ ಹೆಬ್ಬೆರಳು ಆಡಿಸಿದೆ. ಚುರ್ ಎಂದಿತು. ಕೈ ತೆಗೆದು ನೋಡಿದರೆ ರಕ್ತ.

ನಾನು ಬಳಸುವ ಪಟ್ಟಿಗಳ ಅಂಚು ಕೈ ಕುಯ್ಯುವುದಿಲ್ಲ. ಕುಂದಾಪುರದ ಫ್ರೇಮ್ ಅಂಗಡಿಯಲ್ಲಿ ಕತ್ತರಿಸಿ, ಅಂಚು ಉಜ್ಜಿಸಿಯೇ ತರುವುದು. ಏಣಿಯ ಮೇಲೆ ಒಂಟಿಕೈಯಲ್ಲಿ ಕೆಲಸ ಮಾಡುವವಳಿಗೆ ಅದು ಬೇಕೇ ಬೇಕು. ಬಗ್ಗಿ ಹತ್ತಿರದಿಂದ ನೋಡಿದೆ. ತುದಿಯ ಮುದ್ದೆ ನನ್ನ ಪ್ಲಾಸ್ಟರ್ ಅಲ್ಲ, ಟೈಲ್ಸ್ ಸಂದಿಗೆ ತುಂಬುವ ಬಿಳಿ ಸಿಮೆಂಟು. ಮುಂದಿನ ಗಾಜು ನೋಡಿದೆ, ಅದೂ ಹಾಗೇ. ಅದರ ಮುಂದಿನದೂ.

ದೀಪದಕ್ಕ ಅಂಗಳದ ಆ ತುದಿಯಲ್ಲಿ ಗುಡಿಸುವ ಹಿಡಿಕಡ್ಡಿ ಹಿಡಿದು ನಿಂತಿದ್ದರು, ನನ್ನ ಬೆರಳನ್ನೇ ನೋಡುತ್ತ.

"ಅಕ್ಕ, ಈ ಗಾಜ್ ಹಾಕಿದ್ದ್ ಯಾರ್?"

ಅವರು ಕೈ ಹಿಡಿದು ನನ್ನನ್ನು ಮನೆಯೊಳಗೆ ಕರೆದುಕೊಂಡು ಹೋದರು. ಗಾಯಕ್ಕೆ ಅರಿಶಿನ ಒತ್ತಿ ಬಟ್ಟೆ ಕಟ್ಟಿದರು. ಆಗ ಗೋಡೆಯ ಮೇಲೆ ನನ್ನ ಕಣ್ಣು ಹೋಯಿತು. ದೇವರ ಪಟಗಳು, ತೀರಿಹೋದ ಗಂಡನ ಫೋಟೋ, ಮಗಳ ಮದುವೆಯ ಫೋಟೋ, ಎಲ್ಲ ಚೌಕಟ್ಟಿನಲ್ಲೇ ಇದ್ದವು. ಯಾವುದಕ್ಕೂ ಗಾಜಿರಲಿಲ್ಲ.

"ನಾನೇ ಹಾಕಿದ್ದ್," ಎಂದರು ಕೊನೆಗೆ. "ಟೈಲ್ಸ್ ಕೆಲ್ಸದವ್ರ್ ಹತ್ರ ಕತ್ರಿಸ್ಕಂಡ್ ಬಂದೆ. ನಿಮ್ಮ್ ಸೊತ್ತ್ ನಮ್ಮ್ ಕಾವಲಗೆ ಒಡ್ದ್ ಹೋಯ್ತಲೆ ಅಮ್ಮಾ. ಬದ್ಲಿ ಇಡದೆ ಹ್ಯಾಂಗ್ ಇಪ್ಪುದ್?"

ದೈವದ ವಶಕ್ಕೆ ಇಟ್ಟ ಸೊತ್ತು ಹಾಳಾಗುವುದಿಲ್ಲ ಎಂಬುದಷ್ಟೇ ನನಗೆ ಗೊತ್ತಿತ್ತು. ಅದರ ಇನ್ನರ್ಧವನ್ನು ಅವರೇ ಹೇಳಿದರು. ಎಲ್ಲಾದರೂ ಹಾಳಾದರೆ ದೀಪ ಇಡುವ ಮನೆಯವರು ಅದನ್ನು ತುಂಬಿ ಇಡಬೇಕು. ಸೊತ್ತಿನವರಿಗೆ ತಿಳಿಯಲೂಬಾರದು. ತಿಳಿದರೆ ಹಾಯ್ಗುಳಿಯ ಕಾವಲಿಗೇ ಕುಂದು. ಅವರ ಅತ್ತೆ ಹಾಗೆ ಮಾಡಿದ್ದರು, ಅತ್ತೆಯ ಅತ್ತೆಯೂ ಹಾಗೆ ಮಾಡಿದ್ದರು.

"ಎಷ್ಟ್ ಸಲ ಹಾಕಿದ್ರಿ?"

"ಒಡ್ದ್ ಹಾಂಗೆಲ್ಲ ಹಾಕ್ದೆ. ಮೇಲಿನದಕ್ಕ್ ಏಣಿ ಹತ್ತಿ."

ಅಷ್ಟು ಹೇಳಿ ನಾಗಂದಿಗೆಯಿಂದ ಉಪ್ಪಿನಕಾಯಿ ಭರಣಿಯೊಂದನ್ನು ಇಳಿಸಿದರು. ಒಡೆದ ಚೂರುಗಳನ್ನು ಎಸೆದಿರಲಿಲ್ಲ, ನನ್ನ ಸೊತ್ತಲ್ಲವೇ? ಭರಣಿ ಕುತ್ತಿಗೆಯವರೆಗೆ ತುಂಬಿತ್ತು. ಅಂಚು ಉಜ್ಜಿದ ನನ್ನ ಗಾಜು ತಳದಲ್ಲಿತ್ತು. ಮೇಲಿನದೆಲ್ಲ ಪಟದ ಗಾಜು.

"ಗ್ವಾಡಿ ಬುಡದಗೆ ಹುಡಿ ಗಿಡಿ ಬೀಳತ್ತಾ?"

"ದಿನಾ ಬೆಳಿಗ್ಗೆ ಕೆಂಪ್ ಹುಡಿ ಇರತ್ತ್. ಗುಡ್ಸ್ತೆ. ಬರಿಗಾಲಗೆ ಬಪ್ಪ ಜಾಗ ಅಲ್ದಾ?"

ಗೋಡೆ ತಿಂಗಳುಗಟ್ಟಲೆ ಕೂಗಿ ಹೇಳಿತ್ತು. ಈ ಹೆಂಗಸು ಅದರ ಬಾಯನ್ನು ದಿನಾ ಒರೆಸಿ ಶುಚಿ ಮಾಡಿ ಇಟ್ಟಿದ್ದರು, ಅದೂ ನನ್ನ ಮಾತು ನಡೆಸಲಿಕ್ಕೆ. ಒಡೆಯದ ಹಾಗೆ ನೋಡಿಕೊಳ್ಳಿ ಎಂದವಳು ನಾನೇ. ಅದು ಒಡೆಯಲಿಕ್ಕೆಂದೇ ಇಟ್ಟದ್ದು ಎಂದು ಹೇಳಿರಲಿಲ್ಲ. ನನಗೆ ಅವರ ಮೇಲೆ ಸಿಟ್ಟು ಬರಲಿಲ್ಲ, ಭಯ ಬಂತು. ಮರುದಿನ ಮಧ್ಯಾಹ್ನ ಆ ಸಾಲಿನಲ್ಲಿ ಕೂರುವವರ ಬೆನ್ನುಗಳು ಕಣ್ಣ ಮುಂದೆ ಬಂದವು.

ಹೊರಗೆ ಬಂದು ಅಧ್ಯಕ್ಷರಿಗೆ ನೇರ ಹೇಳಿದೆ. ಈ ಅಂಗಳದಲ್ಲಿ ಊಟ ಕೂಡದು. ಗೋಡೆ ಎಷ್ಟು ಎತ್ತರವೋ ಅಷ್ಟು ದೂರದೊಳಗೆ ಯಾರೂ ಹೋಗಬಾರದು. ಹಿಂದಿನ ಮಣ್ಣಿನ ಮೇಲೆ ಒಂದು ಸೈಕಲ್ಲೂ ನಿಲ್ಲಬಾರದು.

ಅವರ ನಗು ಹೋಯಿತು. "ಅರೆ, ಎಂತ ಮಾತ್ ಮೇಡಂ ಇದ್! ನಾಳಿಗ್ ಸೇವೆ. ದೈವದ ಊಟ ಕಲ್ಲ್ ಕಾಂಬ ಜಾಗದಗೇ ಆಯ್ಕ್. ನೀವೇ ಹಚ್ಚಿದ್ ಗಾಜ್ ಸಮಾ ಇತ್ತ್. ಈಗ್ಳ್ ಇಲ್ಲೆ ಅಂದ್ರೆ ಊರ್ ಎಂತ ಹೇಳತ್ತ್?"

ದೀಪದಕ್ಕನ ಹೆಸರು ಹೇಳಿದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಅವರು ಬಾಗಿಲಲ್ಲಿ ಭರಣಿ ಅಪ್ಪಿಕೊಂಡು ನಿಂತಿದ್ದರು. ಊರೆದುರು ಅವರ ಮನೆಯ ಕಾವಲಿನ ಮಾನ ತೆಗೆಯಲು ನನಗೆ ನಾಲಗೆ ಏಳಲಿಲ್ಲ. ಬೇರೆ ದಾರಿ ಹಿಡಿದೆ. ಎಲ್ಲರ ಕಣ್ಣೆದುರೇ ಹೊಸ ಗಾಜು ಹಚ್ಚುವುದು, ಅದು ಏನು ಹೇಳುತ್ತದೋ ನೋಡುವುದು. ಅದಕ್ಕೆ ಮತ್ತೆ ಗೋಡೆಯ ಬುಡಕ್ಕೆ ಹೋಗಬೇಕಿತ್ತು. ಚಪ್ಪರದವರನ್ನು ಬಡಗು ಬದಿಗೆ ಕಳಿಸಿ, ಚೀಲ ತೆಗೆದುಕೊಂಡು ಒಬ್ಬಳೇ ಹೋದೆ. ಪ್ಲಾಸ್ಟರ್ ಅಲ್ಲೇ ಕಲಸಿದೆ. ಬಿರುಕಿನೊಳಗಿಂದ ತಣ್ಣನೆ ಗಾಳಿ ಮುಖಕ್ಕೆ ಬಡಿಯಿತು, ಹಳೆಯ ಬಾವಿಯ ವಾಸನೆ. ಗಾಜು ಒತ್ತಿ, ಹಿಂದೆ ನೋಡದೆ ಓಡಿ ಬಂದೆ.

ಪ್ಲಾಸ್ಟರ್ ಗಟ್ಟಿಯಾಗುವುದನ್ನು ಕಾಯುತ್ತ ದೈವದ ಕಲ್ಲಿನ ಹತ್ತಿರ ಎಲ್ಲರೂ ನಿಂತೆವು. ಚಪ್ಪರದವರಲ್ಲೊಬ್ಬ "ಅಮ್ಮನ್ ಗಾಜಿಗ್ ಮೈಮೇಲ್ ದರ್ಶನ ಬಪ್ಪುದ್ ಏಗ್ಳಿಗ್?" ಎಂದ. ಎಲ್ಲರೂ ನಕ್ಕರು. ನನಗೂ ಅರೆನಗು ಬಂತು.

ಆಗ ಗೋಡೆಯ ಆಚೆ ಲಾರಿಯ ಸದ್ದು ಕೇಳಿತು. ಅಡುಗೆಯ ಹಂಡೆ, ಕೊಪ್ಪರಿಗೆ, ಅಕ್ಕಿ ಮೂಟೆ ಹೇರಿಕೊಂಡು ಬಂದ ಲಾರಿ. ಅದು ಬರುವುದು ಸಂಜೆಗೆ ಎಂದಿದ್ದರು. ಕಂದಕ ತುಂಬಿದ ಮಣ್ಣಿನ ಮೇಲೆ ಅದು ರಿವರ್ಸ್ ಬರುತ್ತಿತ್ತು, ಪೀಂ ಪೀಂ ಎನ್ನುತ್ತ. ನಾನು ಬಾಯಿ ತೆರೆಯುವಷ್ಟರಲ್ಲಿ ಟಿಕ್ ಎಂದಿತು.

ಬಹಳ ಸಣ್ಣ ಸದ್ದು. ಅಡಿಕೆ ಕತ್ತರಿಸಿದಾಗ ಬರುವಷ್ಟೇ. ಗಾಜಿನ ಅರ್ಧ ಕೆಳಗೆ ಬಿತ್ತು. ಅದರ ಬೆನ್ನಿಗೆ ಗೋಡೆಯ ಉದ್ದಕ್ಕೂ ದೀಪದಕ್ಕ ಹಚ್ಚಿದ ಗಾಜುಗಳು ಒಂದೊಂದಾಗಿ ಟಿಕ್, ಟಿಕ್ ಎಂದವು. ಕೆಂಪು ಹುಡಿ ಸಣ್ಣಗೆ ಸುರಿಯಿತು. ಯಾರೂ ನಗಲಿಲ್ಲ.

"ಹ್ವಾಯ್! ಲಾರಿ ನಿಲ್ಸಾ! ಮುಂದ್ ತಕಾ, ಮುಂದ್ ತಕಾ!" ಎಂದು ಅಧ್ಯಕ್ಷರು ಪಂಚೆ ಎತ್ತಿ ಕಟ್ಟಿ ಸುತ್ತುಬಳಸಿನ ದಾರಿಯಲ್ಲಿ ಓಡಿದರು. ಲಾರಿ ಮುಂದಕ್ಕೆ ಹೋಯಿತು. ಗೋಡೆ ನಿಂತೇ ಇತ್ತು.

ಅವರು ಏದುಸಿರು ಬಿಡುತ್ತ ಮರಳಿದಾಗ ದೀಪದಕ್ಕ ಭರಣಿಯನ್ನು ದೈವದ ಕಲ್ಲಿನೆದುರು ಇಟ್ಟಿದ್ದರು. ನಾನು ಮುಚ್ಚಿಟ್ಟದ್ದನ್ನು ಅವರೇ ಬಿಚ್ಚಿದರು.

"ಇದೆಲ್ಲ ಮೊದ್ಲೇ ಒಡ್ದದ್. ನಾನ್ ಮುಚ್ಚಿ ಇಟ್ಟಿದ್ದೆ. ತಪ್ಪ್ ನಂದ್, ಹಾಯ್ಗುಳಿದಲ್ಲ. ಊಟ ಗದ್ದಿಯಗೆ ಮಾಡಿ. ಬಾಗಿಲ್ ಬಿದ್ದ್ ಹೋದ ಸಂದಿಯಗೆ ಅಲ್ಲಿಂದ್ಲೂ ಕಲ್ಲ್ ಕಾಣತ್ತ್."

ಹೋಗಿ ನೋಡಿದೆವು. ಬಡಗು ಗೋಡೆಯ ಹಳೆಯ ಬಾಗಿಲ ಸಂದಿಯಿಂದ, ಕೊಯ್ಲು ಮುಗಿದ ಗದ್ದೆಗೆ ಕಲ್ಲು ಸ್ಪಷ್ಟವಾಗಿ ಕಾಣುತ್ತಿತ್ತು. ಅಧ್ಯಕ್ಷರು ಅಲ್ಲಿಗೆ ಚಾಪೆ ಸುರುಳಿ ಹೊರಿಸಿದರು.

ಮರುದಿನ ಊರೆಲ್ಲ ಸುಡುಬಿಸಿಲಿನಲ್ಲಿ ಕೂತು ಉಂಡಿತು. ಸಾರಿಗಿಂತ ಬೆವರೇ ಹೆಚ್ಚು ಎಂದು ಹಿರಿಯರು ಗೊಣಗಿದರು. ಬಡಿಸುವವರು ನನ್ನ ಎಲೆಯ ಹತ್ತಿರ ಬಂದಾಗಲೆಲ್ಲ "ಬಿತ್ತಾ ಮೇಡಂ?" ಎಂದು ಕೇಳಿ ಪಾಯಸ ಬಡಿಸಿದರು. ಗೋಡೆ ಬೀಳಲಿಲ್ಲ. ಬೀಳಬಾರದು ಎಂದು ಕೈಮುಗಿದವಳು ನಾನೇ. ಸಂಜೆಯ ಹೊತ್ತಿಗೆ ಒಂದು ಕಲ್ಲಾದರೂ ಬಿದ್ದಿದ್ದರೆ ಮುಖ ಉಳಿಯುತ್ತಿತ್ತಲ್ಲ ಎಂದು ಆಸೆಪಟ್ಟವಳೂ ನಾನೇ.

ಅದು ಬಿದ್ದದ್ದು ಮೊದಲ ದೊಡ್ಡ ಮಳೆಗೆ, ಬೆಳ್ಳಂಬೆಳಗ್ಗೆ. ಹೋಗಿ ನೋಡಿದಾಗ ಊಟದ ಸಾಲು ಕೂರುತ್ತಿದ್ದ ಜಾಗವೇ ಇರಲಿಲ್ಲ. ಆಳೆತ್ತರದ ಕಲ್ಲಿನ ರಾಶಿ, ಅದರ ಮೇಲೆ ಹಸಿಮಣ್ಣು. ಅಧ್ಯಕ್ಷರು ನನ್ನ ಪಕ್ಕ ಬಂದು ನಿಂತರು. "ನಾನ್ ಮೊದಲ್ನೇ ಸಾಲಗೇ ಕೂಕಂಬುದ್, ಪ್ರತಿ ವರ್ಸ" ಎಂದಷ್ಟೇ ಹೇಳಿದರು.

ಆ ದಿನ ನಾನು ದೀಪದಕ್ಕನ ಅಡುಗೆಕೋಣೆಗೂ ಹೋದೆ. ಒಲೆಯ ಹಿಂದೆ, ಮಸಿ ಹಿಡಿದ ಕೋಟೆಗೋಡೆಯಲ್ಲಿ ಹೊಸದೊಂದು ಗೆರೆ, ಕೂದಲಿನಷ್ಟು ತೆಳ್ಳಗೆ. ತೆಂಕು ಗೋಡೆ ಬಿದ್ದ ಅದುರಿಗೆ ಬಂದದ್ದಿರಬಹುದು, ಮೊದಲೇ ಇದ್ದದ್ದೂ ಇರಬಹುದು. ಮನೆ ಬಿಟ್ಟು ಮಗಳ ಹತ್ತಿರ ತಲ್ಲೂರಿಗೆ ಹೋಗಿ ಎಂದೆ. ದೀಪ ಇಡುವವರು ಯಾರು ಎಂದು ಕೇಳಿದರು. ನನ್ನ ಹತ್ತಿರ ಇದ್ದದ್ದು ಗಾಜು. ಗೆರೆಗೆ ಅಡ್ಡ ಒಂದು ಪಟ್ಟಿ ಹಚ್ಚಿ, ಈ ಸಲ ಅವರನ್ನು ಎದುರಿಗೆ ಕೂರಿಸಿಕೊಂಡು ಬಿಡಿಸಿ ಹೇಳಿದೆ.

"ಇದ್ ಒಡೂಕೇ ಇಪ್ಪುದ್ ಅಕ್ಕ. ಒಡ್ದ್ರೆ ಮುಟ್ಟುಕಾಗ, ಬದ್ಲಿ ಹಾಕುಕಾಗ. ಆ ಗಳಿಗಿಗೇ ಹೊರ್ಗೆ ಬನ್ನಿ, ನಂಗ್ ಫೋನ್ ಮಾಡಿ."

"ಒಡೂಕೇ ಇಪ್ಪುದಾ?" ಎಂದು ಅವರು ಗಾಜನ್ನು ನೋಡಿದರು. ಒಡೆಯಲಿಕ್ಕೆಂದೇ ಒಂದು ವಸ್ತುವನ್ನು ಯಾರಾದರೂ ಮನೆಯೊಳಗೆ ಇಡುತ್ತಾರೆಯೇ ಎಂಬ ಬೇಸರ ಆ ಮುಖದಲ್ಲಿತ್ತು.

ಮೊನ್ನೆ ತೆಕ್ಕಟ್ಟೆಯಲ್ಲಿ ಒಂದು ಹಳೆಯ ಗೋದಾಮಿನ ಹಂಚಿನ ಮಾಡು ನೋಡುತ್ತಿದ್ದೆ. ದೀಪದಕ್ಕನ ಫೋನು ಬಂತು.

"ಅಮ್ಮಾ, ನಾನ್ ಮುಟ್ಲಿಲ್ಲ."

"ಎಲ್ಲ್ ಇದ್ರಿ ಈಗ್ಳ್?"

"ಗದ್ದಿಯಗೆ. ಒಲಿ ಮೇಲ್ ಅನ್ನ ಇತ್ತ್, ಇಳ್ಸ್ಲಿಲ್ಲ. ನೀವ್ ಹೊರ್ಗೆ ಬನ್ನಿ ಅಂದಿದ್ರಿ, ಬಂದೆ."

ನಾನು ಸ್ಕೂಟರು ತಿರುಗಿಸಿದೆ. ಗದ್ದೆಯಂಚಿಗೆ ತಲುಪಿದಾಗ ಅವರು ಮನೆಗೆ ಮುಖ ಮಾಡಿ ನಿಂತಿದ್ದರು, ಕೈಯಲ್ಲಿ ದೀಪದ ಎಣ್ಣೆಯ ಬಾಟಲಿ ಮಾತ್ರ. ಮನೆ ನಿಂತಿತ್ತು, ಗೋಡೆ ನಿಂತಿತ್ತು. ಹಂಚಿನ ಸಂದಿಯಿಂದ ಹೊಗೆ ಏಳುತ್ತಿತ್ತು, ಅನ್ನ ಸೀದ ವಾಸನೆ ಗದ್ದೆಯವರೆಗೂ ಬರುತ್ತಿತ್ತು. ಅವರು ಒಂದು ಹೆಜ್ಜೆ ಮುಂದಿಟ್ಟರು. ನಾನು ಅವರ ಕೈ ಹಿಡಿದುಕೊಂಡೆ. ಅನ್ನ ಪೂರ್ತಿ ಸೀದು ಹೋಗುವವರೆಗೂ ಬಿಡಲಿಲ್ಲ.